ಶ್ರೀಶೈಲ ಪಾದಯಾತ್ರೆಯ ಕೊನೆಯ ದಿನ: ಕೊಳ್ಳ ಇಳಿದು, ಬೆಟ್ಟ ಹತ್ತಿ, ಎಲ್ಲರೂ ಕೂಡಿ ಮುಟ್ಟುವುದು ಹೇಗೆ

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರೂರಿನಿಂದ ಜನ ಕಂಬಿ (ಮಲ್ಲಯ್ಯನ ಹೆಸರಲ್ಲಿ ಹೆಗಲ ಮೇಲೆ ಹೊರುವ ಪೂಜೆಯ ಕೋಲು) ಹೊತ್ತು ಶ್ರೀಶೈಲದ ದಾರಿ ಹಿಡಿಯುತ್ತಾರೆ. ರಾಯಚೂರು ದಾಟಿ, ಕರ್ನೂಲು ಸೀಮೆ ಹೊಕ್ಕು, ಆತ್ಮಕೂರು ಮುಟ್ಟುವ ಹೊತ್ತಿಗೆ ಕಾಲು ಪಳಗಿರುತ್ತವೆ. ಬಿಸಿಲೂ ರೂಢಿಯಾಗಿರುತ್ತದೆ. ಇನ್ನೇನು, ಮಲ್ಲಯ್ಯನ ಗುಡಿ ಬಂದೇಬಿಡ್ತು ಅನ್ನುವ ಹುಮ್ಮಸ್ಸು ಎಲ್ಲರಲ್ಲೂ ಇರುತ್ತದೆ.

ಆದರೆ ಇಡೀ ದಾರಿಯಲ್ಲಿ ನಿಜವಾದ ಬೆಟ್ಟದ ನಡಿಗೆ ಶುರುವಾಗುವುದೇ ಅಲ್ಲಿಂದ. ಅಷ್ಟು ದಿನ ನಡೆದದ್ದು ಬಯಲುಸೀಮೆ. ಬದಿಗೆ ಊರು, ನೀರು, ಚಹಾದಂಗಡಿ ಇದ್ದವು. ಕಷ್ಟವಾದರೆ ಹತ್ತಿಸಿಕೊಳ್ಳಲು ನಮ್ಮದೇ ಟೆಂಪೊ ಹಿಂದೆ ಇತ್ತು. ಕೊನೆಯ ದಿನ ಇವ್ಯಾವೂ ಇಲ್ಲ. ನಲ್ಲಮಲ ಕಾಡು, ಕಲ್ಲುದಾರಿ, ಆಳದ ಕೊಳ್ಳ, ಕಡಿದಾದ ಮೆಟ್ಟಿಲು. ದಣಿದ ಮೈಗೆ ಇಡೀ ಪಯಣದ ಕಠಿಣ ಭಾಗ ಎದುರಾಗುವುದು ಅಂದೇ. ಅದಕ್ಕೇ ಈ ಒಂದು ದಿನದ ಬಗ್ಗೆ ಬಿಡಿಸಿ ಬರೆಯುತ್ತಿದ್ದೇನೆ. ಮೊದಲ ಸಲ ಹೊರಡುವವರಿಗೆ ಇದು ಬೇಕು. ಗುಂಪು ಕರೆದುಕೊಂಡು ಹೋಗುವ ಹಿರಿಯರಿಗೆ ಇನ್ನೂ ಹೆಚ್ಚು ಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಸಲಹೆಯೂ ಇದರ ಮೇಲೆಯೇ ನಿಂತಿದೆ. ಕೊನೆಯ ದಿನದ ವೇಗವನ್ನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ನಿರ್ಧರಿಸಬೇಕು. ಬೇರೆ ಯಾರೂ ಅಲ್ಲ.

ದಾರಿ ಹೇಗಿದೆ

ನಮ್ಮ ಕಡೆಯ ಬಹಳಷ್ಟು ಗುಂಪುಗಳು ಹೋಗುವುದು ಆತ್ಮಕೂರಿನಿಂದ ವೆಂಕಟಾಪುರಂ ಮೇಲೆ. ಅಲ್ಲಿಂದ ಮುಂದೆ ಕಾಡು. ಮೊದಲು ನಾಗಲೂಟಿ ವೀರಭದ್ರನ ಹಳೆಯ ಗುಡಿ, ಆಮೇಲೆ ಪೆಚ್ಚೆರುವು, ಮಠಂ ಬಾವಿ, ನಂತರ ತೆಲುಗರು ಭೀಮುನಿ ಕೊಲನು ಅನ್ನುವ, ನಾವು ಭೀಮನಕೊಳ್ಳ ಅನ್ನುವ ಆಳದ ಕಣಿವೆ. ಅದನ್ನು ಇಳಿದು ಹತ್ತಿದರೆ ಕೈಲಾಸ ದ್ವಾರ. ಅಲ್ಲಿಂದ ರಸ್ತೆ ಹಿಡಿದು ಹಟಕೇಶ್ವರ, ಸಾಕ್ಷಿ ಗಣಪತಿ, ಶ್ರೀಶೈಲ. ಹೆಚ್ಚಿನವರು ಪೆಚ್ಚೆರುವಿನಲ್ಲಿ ರಾತ್ರಿ ಉಳಿದು ಮರುದಿನ ಮುಟ್ಟುತ್ತಾರೆ. ಈ ಲೇಖನದಲ್ಲಿ ಕೊನೆಯ ದಿನ ಅಂದರೆ ಅದೇ: ಪೆಚ್ಚೆರುವಿನ ಬೆಳಗಿನಿಂದ ಶ್ರೀಶೈಲದ ಸಂಜೆಯವರೆಗೆ.

ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ನಮ್ಮ ದೇಶದಲ್ಲೇ ಅತಿ ದೊಡ್ಡ ಹುಲಿ ಕಾಡು. ಜಾತ್ರೆಯ ಕಾಲದಲ್ಲಿ ಅರಣ್ಯ ಇಲಾಖೆ ಪಾದಯಾತ್ರಿಗಳಿಗೆ ದಾರಿ ಬಿಡುತ್ತದೆ. ಬಿಡುವ ದಿನ, ಹೊತ್ತು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಾಗಾಗಿ ಆತ್ಮಕೂರಿನಲ್ಲಿ ಆ ವರ್ಷದ ನಿಯಮ ಕೇಳಿಕೊಂಡೇ ಮುಂದೆ ಹೋಗಬೇಕು. ಹೋದ ವರ್ಷ ಬಿಟ್ಟಿದ್ದರಲ್ಲ ಅನ್ನುವ ಮಾತು ಚೆಕ್‌ಪೋಸ್ಟ್‌ನಲ್ಲಿ ನಡೆಯುವುದಿಲ್ಲ.

ಕಾಡು ಹೊಗುವ ಮೊದಲೇ ಗುಂಪನ್ನು ಎರಡು ಮಾಡಿ

ಎದೆನೋವಿನ ತೊಂದರೆ ಇರುವವರು, ಮೊಣಕಾಲು ಪೂರ್ತಿ ಸೋತವರು, ಜ್ವರ ಬಂದವರು, ಪಾದದಲ್ಲಿ ಹುಣ್ಣಾದ ಶುಗರ್ ರೋಗಿಗಳು ಕಾಡಿನ ದಾರಿ ಹಿಡಿಯಬಾರದು. ಹೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಅಷ್ಟು ದೂರ ನಡೆದು ಬಂದವರಿಗೆ "ನೀವು ಗಾಡಿ ಹತ್ರಿ" ಅಂದರೆ ಅವರ ಮನಸ್ಸು ಮುರಿಯುತ್ತದೆ. "ಹರಕೆ ಐತಿ, ಸತ್ತರೂ ನಡದ ಹೋಗಾಂವ" ಅನ್ನುವ ಕಾಕಾ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ.

ಇದಕ್ಕೊಂದು ಒಳ್ಳೆಯ ದಾರಿ ಇದೆ. ಅಡುಗೆ ಸಾಮಾನು ಹೊತ್ತ ಟೆಂಪೊ ಹೇಗೂ ಕಾಡಿನ ಕಾಲುದಾರಿಯಲ್ಲಿ ಬರುವುದಿಲ್ಲ. ಅದು ಆತ್ಮಕೂರಿನಿಂದ ದೋರ್ನಾಲ ಮೇಲೆ ಘಾಟ್ ರಸ್ತೆ ಸುತ್ತಿ ಬರುತ್ತದೆ. ಆ ರಸ್ತೆ ಹಟಕೇಶ್ವರದ ಮುಂದೆಯೇ ಹಾಯುತ್ತದೆ. ಆಗದವರನ್ನು ಆ ಗಾಡಿಯಲ್ಲಿ ಹಟಕೇಶ್ವರಕ್ಕೆ ಕಳಿಸಿ. ಅವರು ಅಲ್ಲಿ ಕಾಯಲಿ. ಕಾಡಿನಿಂದ ಬಂದವರು ಅಲ್ಲಿ ಅವರನ್ನು ಕೂಡಿಕೊಂಡು, ಕಂಬಿ ಮುಂದೆ ಮಾಡಿ, ಉಳಿದ ಸುಮಾರು 5 ಕಿಲೊಮೀಟರ್ ಎಲ್ಲರೂ ಒಟ್ಟಿಗೆ ನಡೆಯಲಿ. "ಕಾಕಾ, ನೀವು ಅಲ್ಲಿ ಇರ್ರಿ, ನೀವು ಬರೂತನ ಕಂಬಿ ಊರಾಗ ಹೋಗಂಗಿಲ್ಲ" ಅಂತ ಹೇಳಿ ನೋಡಿ. ಬಹಳ ಮಂದಿ ಒಪ್ಪುತ್ತಾರೆ. ಅವರಿಗೆ ಬೇಕಾಗಿರುವುದು ಗುಂಪಿನ ಜೊತೆ ಮಲ್ಲಯ್ಯನ ಊರು ಹೊಗುವುದು. ಅದು ಅವರಿಗೆ ಸಿಗಲೇಬೇಕು.

ಕಾಡಿನಲ್ಲಿ ಬಹುತೇಕ ಕಡೆ ಫೋನ್ ಹತ್ತುವುದಿಲ್ಲ. ಹಾಗಾಗಿ ಡ್ರೈವರ್ ಜೊತೆ ಎಲ್ಲ ಮಾತನ್ನೂ ಆತ್ಮಕೂರಿನಲ್ಲೇ ಮುಗಿಸಿ. ಎಲ್ಲಿ ಕೂಡುವುದು, ಅಲ್ಲಿ ಪೊಲೀಸರು ಗಾಡಿ ನಿಲ್ಲಿಸಲು ಬಿಡದಿದ್ದರೆ ಎರಡನೇ ಜಾಗ ಯಾವುದು, ಸಂಜೆ ಎಷ್ಟು ಗಂಟೆಯವರೆಗೆ ನಾವು ಬರದಿದ್ದರೆ ಯಾರಿಗೆ ತಿಳಿಸಬೇಕು, ಈ ಮೂರೂ ಅವನಿಗೆ ಗೊತ್ತಿರಬೇಕು. ಘಾಟ್ ರಸ್ತೆಯಲ್ಲಿ ರಾತ್ರಿ ಹೊತ್ತು ಚೆಕ್‌ಪೋಸ್ಟ್ ಮುಚ್ಚುತ್ತಾರೆ. ಗಾಡಿ ಹಿಂದಿನ ದಿನವೇ ಹಗಲಲ್ಲಿ ದಾಟಿ ಹೋಗುವುದು ಒಳ್ಳೆಯದು.

ಪೆಚ್ಚೆರುವಿನ ರಾತ್ರಿ

ಪೆಚ್ಚೆರುವಿನಲ್ಲಿ ಚೆಂಚು ಬುಡಕಟ್ಟು ಜನರ ಗೂಡೆಂ, ಅಂದರೆ ಹಾಡಿ, ಇದೆ. ನಲ್ಲಮಲ ಅವರ ನೆಲೆ. ಮಲ್ಲಯ್ಯ ಚೆಂಚು ಹುಡುಗಿಯನ್ನು ಮದುವೆಯಾದ ಅನ್ನುವುದು ಅವರ ನಂಬಿಕೆ, ಹಾಗಾಗಿ ಅವನು ಅವರ ಮನೆ ಅಳಿಯ. ನಾವೋ ಮಲ್ಲಯ್ಯನ ಮಡದಿ ಭ್ರಮರಾಂಬೆಯನ್ನು ನಮ್ಮ ಮನೆ ಮಗಳು ಅನ್ನುತ್ತೇವೆ. ಹೀಗೆ ನೋಡಿದರೆ ಅವರೂ ನಾವೂ ಬೀಗರೇ ಅಲ್ವಾ? ಅವರ ಮನೆ ಮುಂದೆ ಗಲೀಜು ಮಾಡಬೇಡಿ. ಕೇಳದೆ ಫೋಟೊ ತೆಗೆಯಬೇಡಿ. ಅವರು ಜೇನು ಮಾರಲು ತಂದರೆ ಚೌಕಾಸಿಗೆ ಇಳಿಯದೆ ಕೊಳ್ಳಿ.

ಉಂಡ ಮೇಲೆ, ಭಜನೆಗೆ ಕೂರುವ ಮೊದಲು, ಎಲ್ಲರ ಪಾದ ನೋಡುವ ಕೆಲಸ ಆಗಬೇಕು. ತಮ್ಮ ಪಾದವನ್ನು ತಾವೇ ನೋಡಿಕೊಂಡರೆ ಜನ ಮುಚ್ಚಿಡುತ್ತಾರೆ. ಅದಕ್ಕೆ ಒಬ್ಬರ ಪಾದ ಇನ್ನೊಬ್ಬರು ಬ್ಯಾಟರಿ ಬೆಳಕಿನಲ್ಲಿ ನೋಡಲಿ. ಬೊಬ್ಬೆ ಸಣ್ಣದಿದ್ದು ನೋವಿಲ್ಲದಿದ್ದರೆ ಒಡೆಯಬೇಡಿ. ಮೇಲೆ ಗಾಜ್ ಬಟ್ಟೆ ಇಟ್ಟು ಪಟ್ಟಿ ಹಚ್ಚಿ. ನೀರು ತುಂಬಿ ದೊಡ್ಡದಾಗಿ, ಕಾಲೂರಲು ಆಗದಂತಿದ್ದರೆ ಸೋಪಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಡಬಹುದು. ಮೇಲಿನ ಚರ್ಮ ಮಾತ್ರ ಕೀಳಬೇಡಿ. ಆ ಚರ್ಮವೇ ಒಳಗಿನ ಹಸಿ ಗಾಯಕ್ಕೆ ಮುಚ್ಚಳ. ಶುಗರ್ ಇದ್ದವರ ಬೊಬ್ಬೆಗೆ ಸೂಜಿ ಮುಟ್ಟಿಸಬೇಡಿ, ಅದನ್ನು ಡಾಕ್ಟರೇ ನೋಡಲಿ. ಅವರ ಪಾದಕ್ಕೆ ನೋವು ಗೊತ್ತಾಗುವುದೇ ಕಡಿಮೆ, ಬೆರಳ ಸಂದಿಯಲ್ಲಿ ಗಾಯವಾಗಿದ್ದರೂ ಅವರಿಗೆ ತಿಳಿದಿರುವುದಿಲ್ಲ.

ಉಗುರು ಉದ್ದ ಇದ್ದರೆ ಅಂದೇ ಕತ್ತರಿಸಿ. ಮರುದಿನ ಕೊಳ್ಳ ಇಳಿಯುವಾಗ ಬೆರಳು ಬೂಟಿನ ಮುಂತುದಿಗೆ ಒತ್ತುತ್ತದೆ. ಉದ್ದ ಉಗುರು ಆಗ ಕಪ್ಪಾಗಿ ಕೀಳುತ್ತದೆ.

ಇದೇ ರಾತ್ರಿ ಜೋಡಿ ಮಾಡಿ. ಗಂಡ ಹೆಂಡತಿ ಜೋಡಿ ಇದ್ದೇ ಇರುತ್ತಾರೆ. ನಾನು ಹೇಳುವುದು ಪ್ರಾಯದ ಹುಡುಗನಿಗೆ ಒಬ್ಬ ಹಿರಿಯರು, ಹಳಬರಿಗೆ ಒಬ್ಬ ಹೊಸಬರು ಅನ್ನುವ ಜೋಡಿ. ಜೋಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರೂ ಕೂರಬೇಕು. ಮುಂದೆ ಒಬ್ಬರು, ಕಟ್ಟಕಡೆಗೆ ಒಬ್ಬರು ಗಟ್ಟಿಗರು ಇರಲಿ. ಕಡೆಯಲ್ಲಿರುವವರೇ ಗುಂಪಿನ ಮುಖ್ಯ ಆಳು. ಅವರ ಹಿಂದೆ ನಮ್ಮವರು ಯಾರೂ ಇರಬಾರದು. ಬೀಳುವ, ಕೂರುವ, ಹಿಂದುಳಿಯುವ ಎಲ್ಲರನ್ನೂ ಎಬ್ಬಿಸಿಕೊಂಡು ಬರುವ ಕೆಲಸ ಅದು. ಸುಮ್ನೆ ನಿಧಾನ ನಡೆಯುತ್ತಾನೆ ಅಂತ ಯಾರನ್ನೋ ಹಿಂದೆ ಹಾಕಬೇಡಿ. ತಾಳ್ಮೆ ಇರುವ, ದಾರಿ ಕಂಡವರನ್ನು ಹಾಕಿ.

ಯಾರ ಚೀಲದಲ್ಲಿ ಏನಿರಬೇಕು

ಟೆಂಪೊ ಜೊತೆಗಿಲ್ಲದ ದಿನವಾದ್ದರಿಂದ ಬೇಕಾದದ್ದು ಬೆನ್ನ ಮೇಲೆಯೇ ಇರಬೇಕು, ಬೇಡದ್ದು ಒಂದೂ ಇರಬಾರದು. ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಸ್ಟೀಲಿನ ಅಥವಾ ಮತ್ತೆ ಮತ್ತೆ ಬಳಸುವ ಗಟ್ಟಿ ಬಾಟಲಿಯಲ್ಲಿ. ಜಾತ್ರೆ ದಿನಗಳಲ್ಲಿ ದಾರಿಯಲ್ಲಿ ನೀರಿನ ಟ್ಯಾಂಕ್, ನಮ್ಮ ಕಡೆಯ ದಾನಿಗಳ ದಾಸೋಹ ಎಲ್ಲ ಇರುತ್ತವೆ. ಆದರೆ ನೀವು ಮುಟ್ಟುವ ಹೊತ್ತಿಗೆ ಟ್ಯಾಂಕ್ ಖಾಲಿ ಆಗಿರಬಹುದು. ಅದನ್ನೇ ನಂಬಿ ಬರಿಗೈಲಿ ನಡೆಯಬೇಡಿ.

ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಿಂತ ಒಳ್ಳೆಯದು ಬೇರೆ ಇಲ್ಲ. ಹಳಸುವುದಿಲ್ಲ, ಹಗುರ, ಹೊಟ್ಟೆ ತುಂಬುತ್ತದೆ. ಜೊತೆಗೆ ಬೆಲ್ಲ, ಪುಠಾಣಿ, ಒಂದೆರಡು ಶೇಂಗಾ ಹೋಳಿಗೆ. ಮೊಸರನ್ನ, ಚಿತ್ರಾನ್ನ ಕಟ್ಟಿಕೊಂಡರೆ ಮಾರ್ಚ್ ಬಿಸಿಲಿಗೆ ಮಧ್ಯಾಹ್ನಕ್ಕೇ ಹುಳಿ ಬರುತ್ತದೆ. ಕೊಳ್ಳದ ನಡುವೆ ಯಾರಿಗಾದರೂ ವಾಂತಿ ಭೇದಿ ಶುರುವಾದರೆ ಕಷ್ಟ.

ಓಆರ್‌ಎಸ್ ಪುಡಿ, ಲಿಂಬೆಹಣ್ಣು, ಉಪ್ಪು ಸಕ್ಕರೆ, ಬಿಪಿ ಶುಗರ್ ಗುಳಿಗೆ, ಗಾಯದ ಪಟ್ಟಿ, ಒಂದು ಸಿಳ್ಳೆ, ಬ್ಯಾಟರಿ, ಗಟ್ಟಿ ಬಿದಿರು ಕೋಲು. ಪ್ರತಿಯೊಬ್ಬರ ಜೇಬಿನಲ್ಲೂ ಹೆಸರು, ಊರು, ಗುಂಪಿನ ಇಬ್ಬರ ಫೋನ್ ನಂಬರ್ ಬರೆದ ಚೀಟಿ ಇರಲಿ. ಓದು ಬಾರದ ಅಜ್ಜಿಯಂದಿರಿಗೆ, ಮಕ್ಕಳಿಗೆ ಇದು ಬಹಳ ಮುಖ್ಯ. ಫೋನ್ ಚಾರ್ಜ್ ಮುಗಿದರೆ ಬೇರೆಯವರ ಫೋನಿನಿಂದ ಮಾಡಲೂ ನಂಬರ್ ನೆನಪಿರುವುದಿಲ್ಲ.

ಭ್ರಮರಾಂಬೆಗೆ ತವರಿನಿಂದ ತಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಬಳೆ, ಉಡಿ ಅಕ್ಕಿಯನ್ನು ಟೆಂಪೊದಲ್ಲಿ ಬಿಡಬೇಡಿ. ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕು ತಡವಾದರೆ ಉಡಿ ತುಂಬುವವರು ಗುಡಿ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಒಂದು ಬಟ್ಟೆ ಗಂಟಿನಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಳ್ಳಿ.

ಬೆಳಿಗ್ಗೆ

ಕತ್ತಲಲ್ಲಿ ಎದ್ದು ತಯಾರಾಗಿ, ಆದರೆ ಕತ್ತಲಲ್ಲಿ ಹೊರಡಬೇಡಿ. ರಸ್ತೆಯ ದಿನಗಳಲ್ಲಿ ರಾತ್ರಿ 3 ಗಂಟೆಗೆ ಹೊರಟು ತಂಪು ಹೊತ್ತಲ್ಲಿ ನಡೆದು ರೂಢಿಯಾಗಿರುತ್ತದೆ. ಕಾಡಿನಲ್ಲಿ ಆ ರೂಢಿ ನಡೆಯುವುದಿಲ್ಲ. ಹುಲಿ, ಚಿರತೆ, ಕರಡಿ ಓಡಾಡುವ ಹೊತ್ತದು. ಕಲ್ಲುದಾರಿಯಲ್ಲಿ ಕಾಲು ಉಳುಕುವ ಭಯ ಬೇರೆ. ನೆಲ ಕಣ್ಣಿಗೆ ಕಂಡ ಕೂಡಲೇ ಹೊರಡಿ. ಬಿಸಿಲೇರುವ ಮೊದಲು ಎರಡು ಮೂರು ತಾಸು ಸಿಗುತ್ತದೆ. ಅಷ್ಟರಲ್ಲಿ ಕೊಳ್ಳದ ಹತ್ತಿರ ಇದ್ದರೆ ಸಾಕು.

ಹೊರಡುವ ಮುನ್ನ ಶುಗರ್ ಇದ್ದವರು ಗುಳಿಗೆಯ ಜೊತೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಲೇಬೇಕು. "ದರ್ಶನ ಆಗೂತನ ಉಪವಾಸ" ಅನ್ನುವವರನ್ನು ಕೂರಿಸಿ ಹೇಳಿ: ಗುಳಿಗೆ ನುಂಗಿ ಉಪವಾಸ ನಡೆದರೆ ಸಕ್ಕರೆ ಅಂಶ ದಿಢೀರನೆ ಇಳಿಯುತ್ತದೆ. ಕೈ ನಡುಗುವುದು, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಅದರ ಗುರುತು. ಅಂಥವರಿಗೆ ಎಚ್ಚರ ಇರುವಾಗಲೇ ಸಕ್ಕರೆ, ಬೆಲ್ಲ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಗಂಟಲಿಗೆ ಸಿಕ್ಕುತ್ತದೆ.

ಬರಿಗಾಲಲ್ಲಿ ನಡೆಯುವ ಹರಕೆಯವರು ಬಹಳ ಇದ್ದಾರೆ. ಕಾಡಿನ ಮಣ್ಣು ಬರಿಗಾಲಿಗೆ ಟಾರ್ ರಸ್ತೆಗಿಂತ ಎಷ್ಟೋ ಮೇಲು. ಆದರೆ ಮುಳ್ಳು, ಚೂಪುಗಲ್ಲು ಇವೆ. ದಪ್ಪ ಕಾಲುಚೀಲ ಹಾಕಿಕೊಂಡರೆ ಹರಕೆಗೆ ಏನೂ ಕುಂದಿಲ್ಲ ಅಂತ ನಮ್ಮ ಕಡೆಯ ಹಿರಿಯರೇ ಹೇಳುತ್ತಾರೆ. ಮರಗಾಲು ಕಟ್ಟಿಕೊಂಡು ಬರುವವರೂ ಇರುತ್ತಾರೆ. ಅವರು ಕಂಡರೆ ದಾರಿ ಬಿಡಿ, ಮುಟ್ಟಿ ನಮಸ್ಕಾರ ಮಾಡಲು ಅಡ್ಡ ನಿಲ್ಲಬೇಡಿ. ಅವರಿಗೆ ನಿಂತರೆ ಸಮತೋಲ ತಪ್ಪುತ್ತದೆ.

ಕಾಡಿನಲ್ಲಿ ನಡೆಯುವಾಗ

ಪೆಚ್ಚೆರುವಿನಿಂದ ಮಠಂ ಬಾವಿವರೆಗೆ ಏರು ಇಳಿವು ಇದ್ದರೂ ಹೆದರುವಂಥದ್ದಲ್ಲ. ಒಂದು ತಾಸಿಗೊಮ್ಮೆ ಕೂತು, ತಲೆ ಎಣಿಸಿ, ನೀರು ಕುಡಿದು ಏಳಿ. ಬಾಯಾರಿಕೆ ಆಗುವವರೆಗೆ ಕಾಯಬೇಡಿ.

ಬೆಂಕಿ ವಿಷಯದಲ್ಲಿ ಮಾತ್ರ ಯಾವ ಸಡಿಲವೂ ಬೇಡ. ಯುಗಾದಿ ಹೊತ್ತಿಗೆ ನಲ್ಲಮಲದ ಎಲೆಯೆಲ್ಲ ಉದುರಿ ಒಣಗಿ ಬಿದ್ದಿರುತ್ತದೆ. ಒಂದು ಬೀಡಿ ತುಂಡು ಸಾಕು. ಕರ್ಪೂರ ಹಚ್ಚುವುದು, ಊದುಬತ್ತಿ ನೆಡುವುದು, ಚಹಾ ಕಾಸಲು ಮೂರು ಕಲ್ಲು ಹೂಡುವುದು ಯಾವುದೂ ಕಾಡೊಳಗೆ ಬೇಡ. ಪೂಜೆ ಇದ್ದರೆ ಗುಡಿ ಅಂಗಳದಲ್ಲಿ ಮಾಡಿ. ಹಾಗೆಯೇ ಗುಟ್ಕಾ ಚೀಟಿ, ನೀರಿನ ಪಾಕೀಟು, ಬಿಸ್ಕೀಟ್ ಕವರ್ ಎಲ್ಲ ನಿಮ್ಮ ಚೀಲಕ್ಕೇ ವಾಪಸ್. ಒಂದೇ ವಾರದಲ್ಲಿ ಲಕ್ಷಗಟ್ಟಲೆ ಹೆಜ್ಜೆ ಈ ದಾರಿಯಲ್ಲಿ ಬೀಳುತ್ತವೆ. ಪ್ರತಿಯೊಬ್ಬರೂ ಒಂದೊಂದು ಕವರ್ ಬಿಟ್ಟರೆ ಜಿಂಕೆ, ಕಡವೆಗಳ ಹೊಟ್ಟೆಗೆ ಅದೇ ಹೋಗುತ್ತದೆ. ಧ್ವನಿವರ್ಧಕ ಬೇಡ. ಬಾಯಿಂದ "ಹರ ಹರ ಮಹಾದೇವ" ಅನ್ನಿ, ಭಜನೆ ಹಾಡಿ, ಅಷ್ಟು ಸಾಕು. ಕೋತಿಗಳಿಗೆ ತಿನ್ನಲು ಕೊಡಬೇಡಿ. ಕೊಟ್ಟರೆ ಮುಂದಿನ ಗುಂಪಿನ ಚೀಲ ಕಿತ್ತುಕೊಳ್ಳುತ್ತವೆ.

ಒಳದಾರಿ ಹುಡುಕಬೇಡಿ. ಹುಡುಗರು ಹತ್ತಿರ ಆಗ್ತದೆ ಅಂತ ಪಕ್ಕದ ಜಾಡು ಹಿಡಿಯುತ್ತಾರೆ. ಆ ಜಾಡು ದನಗಳದ್ದೋ ಕಾಡುಮೃಗದ್ದೋ ಆಗಿರುತ್ತದೆ.

ಭೀಮನಕೊಳ್ಳ

ದಿನದ ತಿರುಳು ಇಲ್ಲೇ ಇದೆ. ದಾರಿ ಇದ್ದಕ್ಕಿದ್ದಂತೆ ಕಣಿವೆಯ ಅಂಚಿಗೆ ಬರುತ್ತದೆ. ಕೆಳಗೆ ಆಳ, ಎದುರಿಗೆ ಇನ್ನೊಂದು ಬೆಟ್ಟದ ಗೋಡೆ. ಆ ಗೋಡೆಯ ನೆತ್ತಿಯಲ್ಲಿ ಕೈಲಾಸ ದ್ವಾರ. ಅಂದರೆ ಪೂರ್ತಿ ಕೆಳಗಿಳಿದು, ಮತ್ತೆ ಪೂರ್ತಿ ಮೇಲೆ ಹತ್ತಬೇಕು. ಶ್ರೀಶೈಲಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ್ದು 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ. ನೂರಾರು ವರ್ಷ ಯಾತ್ರಿಗಳ ಕಾಲು ಸವರಿದ ಕಲ್ಲು ಕೆಲವು ಕಡೆ ನುಣುಪಾಗಿವೆ. ಮೆಟ್ಟಿಲೆಲ್ಲ ಒಂದೇ ಎತ್ತರ ಇಲ್ಲ.

ಇಳಿಯುವ ಮುನ್ನ ಅಂಚಿನಲ್ಲಿ ಎಲ್ಲರೂ ನಿಲ್ಲಿ. ಕಟ್ಟಕಡೆಯವರು ಬಂದು ಉಸಿರು ತೆಗೆದುಕೊಂಡ ಮೇಲೆ ಇಳಿಯಲು ಶುರು ಮಾಡಿ. ಮುಂದಿನವರು ವಿಶ್ರಾಂತಿ ತಗೊಂಡು, ಹಿಂದಿನವರು ಬಂದ ಕೂಡಲೇ "ನಡೀರಿ" ಅಂತ ಎದ್ದುಬಿಡುವುದು ಎಲ್ಲ ಗುಂಪಿನಲ್ಲೂ ಆಗುತ್ತದೆ. ಆಗ ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ ಸಿಗುತ್ತದೆ. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಜನ ಹತ್ತುವುದಕ್ಕೆ ಹೆದರುತ್ತಾರೆ. ಆದರೆ ಮೊಣಕಾಲು ಕೆಡುವುದು ಇಳಿಯುವಾಗ. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಕಾಲಿಡಿ. ಎತ್ತರದ ಮೆಟ್ಟಿಲಿದ್ದರೆ ಅಡ್ಡ ತಿರುಗಿ ಇಳಿಯಿರಿ. ಮೊಣಕಾಲು ಸ್ವಲ್ಪ ಮಡಿಸಿಯೇ ಇರಲಿ, ಸೆಟೆದುಕೊಂಡು ಕುಕ್ಕಬೇಡಿ. ಅಜ್ಜಿ ಮುತ್ಯಾರಿಗೆ ಕೈ ಕೊಡುವವರು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕು, ಮೇಲಿನಿಂದ ತೋಳು ಹಿಡಿದು ಎಳೆಯಬಾರದು. ಕಂಬಿ ಹೊತ್ತವರು ಇಳಿಯುವಾಗ ಹೆಗಲು ಬದಲಿಸಬೇಡಿ. ಬದಲಿಸುವುದಿದ್ದರೆ ಸಮ ಜಾಗದಲ್ಲಿ ನಿಂತು ಬದಲಿಸಿ, ಮುಂದೆ ಹಿಂದೆ ಒಬ್ಬೊಬ್ಬರು ಖಾಲಿ ಕೈಯವರು ಇರಲಿ.

ಕೊಳ್ಳದ ತಳದಲ್ಲಿ ನೆರಳಿದೆ, ತಂಪಿದೆ. ನೀರು ಕಂಡರೆ ಇಳಿದು ಮುಳುಗುವ ಆಸೆ ಆಗುತ್ತದೆ. ಮುಖ, ತಲೆ, ಕುತ್ತಿಗೆ ತೊಳೆದುಕೊಳ್ಳಿ, ಟವೆಲ್ ಒದ್ದೆ ಮಾಡಿ ತಲೆಗೆ ಹಾಕಿಕೊಳ್ಳಿ. ಪಾದ ಮಾತ್ರ ಬಹಳ ಹೊತ್ತು ನೆನೆಸಬೇಡಿ. ನೆನೆದ ಚರ್ಮ ಮೆತ್ತಗಾಗಿ ಮುಂದಿನ ಏರಿನಲ್ಲಿ ಬೊಬ್ಬೆ ಏಳುತ್ತದೆ. ನಿಂತ ನೀರು ಕುಡಿಯಬೇಡಿ. ಇಲ್ಲಿ ಅರ್ಧ ತಾಸಾದರೂ ಕೂತು, ರೊಟ್ಟಿ ತಿಂದು, ಓಆರ್‌ಎಸ್ ಇಲ್ಲವೇ ಲಿಂಬು ಪಾನಕ ಕುಡಿದು ಏಳಿ.

ಇನ್ನು ಏರು. ಮಾತಾಡಿಕೊಂಡು ಹತ್ತಲು ಆಗುವಷ್ಟು ನಿಧಾನವೇ ಸರಿಯಾದ ವೇಗ. ಉಸಿರು ಕಟ್ಟಿ ಮಾತು ನಿಂತರೆ ನೀವೂ ನಿಲ್ಲಿ. ಇಪ್ಪತ್ತು ಮೂವತ್ತು ಮೆಟ್ಟಿಲು ಹತ್ತಿ ನಿಂತು, ಮತ್ತೆ ಅಷ್ಟು ಹತ್ತುವವರು ಕೊನೆಗೆ ಮೇಲೆ ಮುಟ್ಟುತ್ತಾರೆ. ಓಡಿ ಹತ್ತಿದವರು ನಡುವೆ ಕೂರುತ್ತಾರೆ. ನಿಲ್ಲುವಾಗ ಮೆಟ್ಟಿಲಿನ ಬದಿಗೆ ಸರಿಯಿರಿ. ನಡುವೆ ನಿಂತರೆ ಹಿಂದೆ ನೂಕುನುಗ್ಗಲು ಆಗುತ್ತದೆ.

ಏರಿನಲ್ಲಿ ಯಾರಿಗಾದರೂ ಎದೆ ಬಿಗಿತ, ಎಡಗೈ ಇಲ್ಲವೇ ದವಡೆಗೆ ಹರಿಯುವ ನೋವು, ವಿಪರೀತ ಬೆವರು ಬಂದರೆ ಒಂದು ಹೆಜ್ಜೆಯನ್ನೂ ನಡೆಸಬೇಡಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಹತ್ತಿಸಬೇಡಿ. ಅಲ್ಲೇ ಒರಗಿಸಿ ಕೂರಿಸಿ, ಗಟ್ಟಿಗರಿಬ್ಬರನ್ನು ಮೇಲೆ ಓಡಿಸಿ. ಜಾತ್ರೆ ದಿನಗಳಲ್ಲಿ ಕೈಲಾಸ ದ್ವಾರದ ಆಸುಪಾಸು ಸಾಮಾನ್ಯವಾಗಿ ವೈದ್ಯಕೀಯ ಶಿಬಿರ, ಪೊಲೀಸರು ಇರುತ್ತಾರೆ. ಫೋನ್ ಹತ್ತಿದರೆ 108. ಆಂಧ್ರದಲ್ಲೂ ಆಂಬ್ಯುಲೆನ್ಸ್‌ಗೆ ಅದೇ ನಂಬರ್.

ಬಿಸಿಲ ಹೊಡೆತದ್ದು ಬೇರೆ ಗುರುತು. ಮೊದಲು ತಲೆಸುತ್ತು, ವಾಂತಿ ಬಂದಂತಾಗುವುದು, ಕಾಲು ಸೆಟೆಯುವುದು. ನೆರಳಲ್ಲಿ ಮಲಗಿಸಿ, ಗುಟುಕು ಗುಟುಕಾಗಿ ಉಪ್ಪು ಸಕ್ಕರೆ ನೀರು ಕೊಟ್ಟರೆ ಸುಧಾರಿಸುತ್ತದೆ. ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ ಅದು ಜೀವಕ್ಕೇ ಅಪಾಯ. ಬಟ್ಟೆ ಸಡಿಲ ಮಾಡಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಸಹಾಯ ಬರುವವರೆಗೂ ಇದನ್ನು ನಿಲ್ಲಿಸಬೇಡಿ.

ಕೈಲಾಸ ದ್ವಾರದಿಂದ ಊರಿಗೆ

ಕೈಲಾಸ ದ್ವಾರ ಮುಟ್ಟಿದಾಗ ಜನ ಅಳುತ್ತಾರೆ, ನೆಲ ಮುಟ್ಟಿ ನಮಸ್ಕರಿಸುತ್ತಾರೆ, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಅಷ್ಟು ದಿನ ತಡೆದದ್ದೆಲ್ಲ ಹೊರಗೆ ಬರುವ ಜಾಗ ಅದು. ಅದಕ್ಕೆ ಸಮಯ ಕೊಡಿ, ಅವಸರ ಮಾಡಬೇಡಿ. ಇಲ್ಲಿ ಇನ್ನೊಮ್ಮೆ ತಲೆ ಎಣಿಸಿ.

ಆದರೆ ಇಲ್ಲಿಗೆ ನಡಿಗೆ ಮುಗಿದಿಲ್ಲ ಅನ್ನುವುದನ್ನು ಹೊಸಬರಿಗೆ ಮೊದಲೇ ಹೇಳಿರಿ. ಹಟಕೇಶ್ವರದವರೆಗೆ ದಾರಿ ಇದೆ, ಅಲ್ಲಿಂದಾಚೆ ಊರಿಗೆ ಮತ್ತೆ ಸುಮಾರು 5 ಕಿಲೊಮೀಟರ್. ಮಧ್ಯಾಹ್ನದ ಟಾರ್ ರಸ್ತೆ ಬರಿಗಾಲು ಸುಡುತ್ತದೆ. ಬಿಸಿಲು ಜೋರಾಗಿದ್ದರೆ ಹಟಕೇಶ್ವರದ ನೆರಳಲ್ಲಿ ಕೂತು, 4 ಗಂಟೆ ಮೇಲೆ ಹೊರಡಿ. ಗಾಡಿಯಲ್ಲಿ ಬಂದವರನ್ನು ಕೂಡಿಕೊಳ್ಳುವುದೂ ಇಲ್ಲಿಯೇ. ಎದುರಿಗೆ ಪಾಲಧಾರಾ ಪಂಚಧಾರಾ ಇದೆ. ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅನ್ನುತ್ತಾರೆ. ಚೆಂದದ ಜಾಗವೇ, ಆದರೆ ಮತ್ತೆ ಮೆಟ್ಟಿಲಿಳಿದು ಹತ್ತಬೇಕು. ಅಂದು ಬಿಡಿ, ಮರುದಿನ ಗಾಡಿಯಲ್ಲಿ ಬನ್ನಿ.

ರಸ್ತೆಯಲ್ಲಿ ಬಸ್ಸು, ಕಾರುಗಳ ಸಾಲು ಇರುತ್ತದೆ. ಕುಣಿಯುತ್ತಾ ಹೋಗುವಾಗ ಗುಂಪು ರಸ್ತೆ ತುಂಬ ಹರಡುತ್ತದೆ. ಒಂದೇ ಬದಿಗೆ ಸಾಲಾಗಿ ನಡೆಯಿರಿ. ಕತ್ತಲಾದರೆ ಮುಂದೆ ಹಿಂದೆ ಬ್ಯಾಟರಿ ಹಿಡಿಯಿರಿ. ಸಾಕ್ಷಿ ಗಣಪತಿಗೆ ನಿಂತು ಕೈಮುಗಿಯದೆ ಯಾರೂ ಮುಂದೆ ಹೋಗುವುದಿಲ್ಲ. ನಾವು ಬಂದೆವು ಅಂತ ಬರೆದುಕೊಳ್ಳುವವನು ಅವನೇ ಅಲ್ವಾ?

ದರ್ಶನ, ಸ್ನಾನ, ವಸತಿ

ಮುಟ್ಟಿದ ಸಂಜೆಯೇ ದರ್ಶನದ ಸಾಲಿಗೆ ನಿಲ್ಲಬೇಕೆಂದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ನಿಲ್ಲಲೇಬಾರದು. ಯುಗಾದಿ ಜಾತ್ರೆಯಲ್ಲಿ ಸಾಲು ತಾಸುಗಟ್ಟಲೆ ಇರುತ್ತದೆ. ದಣಿದವರು ಸಾಲಿನಲ್ಲೇ ಕುಸಿಯುತ್ತಾರೆ. ಗೋಪುರಕ್ಕೆ ನಮಸ್ಕರಿಸಿ, ಉಂಡು, ಮಲಗಿ, ಮರುದಿನ ಬೆಳಗಿನ ಜಾವ ಹೋಗಿ. ಲಿಂಗ ಮುಟ್ಟುವ ಸ್ಪರ್ಶ ದರ್ಶನ ಜನ ಹೆಚ್ಚಾದ ದಿನಗಳಲ್ಲಿ ಇರುವುದಿಲ್ಲ. ದೇವಸ್ಥಾನ ಆ ವರ್ಷ ಏನು ಪ್ರಕಟಿಸಿದೆ ಅಂತ ಹೊರಡುವ ಮೊದಲೇ ನೋಡಿ, ಗುಂಪಿಗೆ ತಿಳಿಸಿಬಿಡಿ. ಬಾಗಿಲಲ್ಲಿ ಗೊತ್ತಾದರೆ ಜಾಸ್ತಿ ಬೇಜಾರಾಗುತ್ತದೆ. ಫೋನ್ ಒಳಗೆ ಬಿಡುವುದಿಲ್ಲ, ಹಾಗಾಗಿ ದರ್ಶನದ ನಂತರ ಎಲ್ಲಿ ಕೂಡಬೇಕು ಅನ್ನುವುದನ್ನು ಬಾಯಿಮಾತಿನಲ್ಲೇ ಗಟ್ಟಿ ಮಾಡಿಕೊಳ್ಳಿ.

ಪಾತಾಳಗಂಗೆ ಅಂದರೆ ನಮ್ಮ ಕೃಷ್ಣೆಯೇ. ಜಮಖಂಡಿ, ಆಲಮಟ್ಟಿ ಹಾಯ್ದು, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ಬಂದ ನೀರು. ಸ್ನಾನಕ್ಕೆ ಇಳಿಯುವ ಮೆಟ್ಟಿಲು ಬಹಳ. ಸೋತ ಕಾಲಿನವರು ರೋಪ್‌ವೇ ಬಳಸಿ. ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ತಗ್ಗಿದ್ದರೆ ಇನ್ನೂ ಕೆಳಗೆ ಇಳಿಯಬೇಕಾಗುತ್ತದೆ, ಕೆಸರು, ಪಾಚಿ ಇರುತ್ತದೆ. ನೀರಲ್ಲಿ ಕಟ್ಟಿದ ತಡೆಗಂಬಿ, ಸರಪಳಿಯ ಒಳಗೇ ಮುಳುಗಿ. ಹೊಳೆ ಊರಿನವರು ನಾವು, ಈಜು ಬರ್ತದೆ ಅನ್ನುವ ಹುಡುಗರ ಮೇಲೆ ಕಣ್ಣಿಡಿ.

ವಸತಿಗೆ ಶ್ರೀಶೈಲ ಪೀಠದ ಆವರಣ, ಬೇರೆ ಬೇರೆ ಸಮಾಜದ ಛತ್ರಗಳು, ದೇವಸ್ಥಾನದ ಚಪ್ಪರಗಳಿವೆ. ರೂಮು ಸಿಕ್ಕೀತು ಅಂತ ನಂಬದೆ ಚಾಪೆ, ಹೊದಿಕೆ ತಂದಿರಿ. ಬಿಡುವಿದ್ದರೆ ಹೇಮರಡ್ಡಿ ಮಲ್ಲಮ್ಮನ ಗುಡಿಗೆ ಹೋಗಿ ಬನ್ನಿ.

ವಾಪಸ್ ಪಯಣ

ಜಾತ್ರೆಗೆ ನಮ್ಮ ಸಾರಿಗೆ ಸಂಸ್ಥೆಗಳು ವಿಶೇಷ ಬಸ್ ಬಿಡುತ್ತವೆ. ಯುಗಾದಿ ಪಾಡ್ಯದ ಮಧ್ಯಾಹ್ನ ಎಲ್ಲರೂ ಒಮ್ಮೆಲೇ ನಿಲ್ದಾಣಕ್ಕೆ ಬರುತ್ತಾರೆ. ಗುಂಪು ದೊಡ್ಡದಿದ್ದರೆ ಊರು ಬಿಡುವ ಮೊದಲೇ ಡಿಪೊದಲ್ಲಿ ಕೇಳಿ, ಪೂರ್ತಿ ಬಸ್ ಗೊತ್ತು ಮಾಡಿ. ದೋರ್ನಾಲ ದಾರಿಯ ಬಸ್ಸಾದರೆ ಶಿಖರೇಶ್ವರ ದಾರಿಯಲ್ಲೇ ಸಿಗುತ್ತದೆ. ಶಿಖರ ದರ್ಶನಕ್ಕೆ ಐದು ನಿಮಿಷ ನಿಲ್ಲಿಸಲು ಡ್ರೈವರ್‌ಗೆ ಮೊದಲೇ ಹೇಳಿಡಿ.

ದಿನಗಟ್ಟಲೆ ನಡೆದು, ಒಮ್ಮೆಲೇ ಹತ್ತು ಹನ್ನೆರಡು ತಾಸು ಕಾಲು ಇಳಿಬಿಟ್ಟು ಕೂತರೆ ಪಾದ ಬಾತು ಬೂಟು ಹಿಡಿಯುವುದಿಲ್ಲ. ಕೂತಲ್ಲೇ ಹಿಮ್ಮಡಿ ಮೇಲೆ ಕೆಳಗೆ ಮಾಡುತ್ತಿರಿ, ಬಸ್ ನಿಂತಾಗೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ. ಒಂದೇ ಮೀನಖಂಡ ಬಾತು, ಬಿಸಿಯಾಗಿ, ಮುಟ್ಟಿದರೆ ನೋವಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು.

ಗುಂಪಿನವರು ಕೂಡಿಸಿದ ಪಟ್ಟಿ ಹಣದ ಲೆಕ್ಕವನ್ನು ಬಸ್ಸಿನಲ್ಲೇ ಎಲ್ಲರೆದುರು ಓದಿ ಮುಗಿಸಿ. ಅಡುಗೆಯವರಿಗೆ, ಟೆಂಪೊ ಡ್ರೈವರ್‌ಗೆ ಕೊಡಬೇಕಾದದ್ದನ್ನು ಊರು ಮುಟ್ಟುವ ಮೊದಲೇ ಕೈಗೆ ಕೊಡಿ. ಮನೆಗೆ ಹೋದ ಮೇಲೆ ಎರಡು ಮೂರು ದಿನ ಪಾದವನ್ನು ದಿನಾ ತೊಳೆದು, ಒರೆಸಿ ನೋಡಿಕೊಳ್ಳಿ. ಬೊಬ್ಬೆಯ ಸುತ್ತ ಕೆಂಪಾಗಿ ಕೀವು ಬಂದರೆ, ಅಥವಾ ಶುಗರ್ ಇದ್ದವರ ಪಾದದಲ್ಲಿ ಎಂಥ ಸಣ್ಣ ಗಾಯ ಕಂಡರೂ, ಅದೇ ದಿನ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಕೇಳಿದರೆ ಹೇಳಲು ಚೀಟಿ ಜೊತೆಗೆ ಒಯ್ಯಿರಿ.